ಒದ್ದೆ ಕೈ

ಮೀನು ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳದವನನ್ನು ಶೇಖರಪ್ಪ ಮನುಷ್ಯನೆಂದೇ ಲೆಕ್ಕಕ್ಕಿಟ್ಟವರಲ್ಲ. ಒಣ ಕೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಆಮೇಲೆ ಅದಕ್ಕೆ ರೋಗ. ಕೆ.ಆರ್. ಪುರದ ಮೀನುಮರಿ ಕೇಂದ್ರಕ್ಕೆ ಬಂದ ಹೊಸಬರಿಗೆಲ್ಲ ಅವರು ಕಲಿಸುತ್ತಿದ್ದ ಮೊದಲ ಪಾಠ ಇದೇ. ಅದೇ ಅಭ್ಯಾಸ 2004ರ ಮಳೆಗಾಲದಲ್ಲಿ ಅವರ ಮುಖಕ್ಕೆ ಮಸಿ ಬಳಿಯಿತು.

ಬೇಸಿಗೆಯಲ್ಲಿ ರಾಯ ಸತ್ತಿದ್ದ. ರಾಯ ಅಂದರೆ ಅವರು ಬೆರಳುದ್ದದ ಮರಿಯಿಂದ ಸಾಕಿದ್ದ ಗಂಡು ಕಾಟ್ಲಾ ಮೀನು. ಆ ತಳಿಗೆ ಉಳಿದಿದ್ದ ಒಂದೇ ಗಂಡು. ಪುಣ್ಯಕ್ಕೆ, ಶಿವಾಜಿನಗರದಿಂದ ಬರುತ್ತಿದ್ದ ವಿಜ್ಞಾನಿ ತಾಹೇರಾ ಅವನ ವೀರ್ಯವನ್ನು ಮೊದಲೇ ಸ್ಟ್ರಾ ಎಂಬ ಎರಡು ಸಣ್ಣ ಕೊಳವೆಗಳಲ್ಲಿ ತುಂಬಿ, ಕೆಡದಂತೆ ಹೆಪ್ಪುಗಟ್ಟಿಸಲು ಹೊಗೆಯಾಡುವ ದ್ರವ ಸಾರಜನಕದ ಕ್ಯಾನಿನೊಳಗೆ ಇಳಿಬಿಟ್ಟಿದ್ದಳು.

ಅಂದು ಸಂಜೆ ಹೆಣ್ಣು ಮೀನು ಮೊಟ್ಟೆಯಿಡಲು ಸಿದ್ಧವಾಗಿತ್ತು. ಶೇಖರಪ್ಪ ಅದನ್ನೆತ್ತಿ, ಹೊಟ್ಟೆ ನೀವಿ, ಅರ್ಧದಷ್ಟು ಮೊಟ್ಟೆಗಳನ್ನು ಬಟ್ಟಲಿಗಿಳಿಸಿದರು. ತಾಹೇರಾ ಒಂದು ಸ್ಟ್ರಾದ ಹೆಪ್ಪು ಕರಗಿಸಿ, ಕತ್ತರಿಸಿ, ಮೇಲೆ ಸುರಿದ ನಂತರವೇ ಕಂಡದ್ದು: ಅವರ ಮೊಣಕೈಯಿಂದ ನೀರಿಳಿದು ಬಟ್ಟಲಲ್ಲಿ ನಿಂತಿತ್ತು. ಮೊಟ್ಟೆಯೊಡನೆ ಬೆರೆಯುವ ಮೊದಲೇ ನೀರು ಸೋಕಿದರೆ ಮೀನಿನ ವೀರ್ಯ ಎಚ್ಚರಗೊಂಡು, ನಿಮಿಷದೊಳಗೆ ಓಡಿ ದಣಿದು ಸಾಯುತ್ತದೆ. ವೀರ್ಯ ಒಳಹೋಗುವ ತನ್ನ ಸಣ್ಣ ಬಾಯನ್ನು ಮೊಟ್ಟೆಯೂ ಮುಚ್ಚಿಕೊಳ್ಳುತ್ತದೆ.

"ಒಂದು ಹನಿ ನೀರೂ ಬೀಳ್ಬಾರ್ದು ಅಂದಿದ್ನಲ್ಲ ಶೇಖರಪ್ಪನವ್ರೇ."

"ಕೈ ಅದ್ದಿದ್ದು ನಂಗೇ ಗೊತ್ತಾಗ್ಲಿಲ್ಲ ಮೇಡಂ. ಇನ್ನೊಂದು ಸ್ಟ್ರಾ ನೀವೇ ಮಾಡಿ. ನಂಗೆ ಬೇಡ."

ತಮ್ಮ ಕೈಯಿಂದಲೇ ರಾಯ ಇನ್ನೊಮ್ಮೆ ಸತ್ತಂತೆ ಅವರಿಗೆ ಸಂಕಟವಾಯಿತು.

ತಾಹೇರಾಗೆ ಸಿಟ್ಟು ಬಂದಿದ್ದು ನಿಜ. ಆದರೆ ಟವೆಲ್ಲುಗಳೆಲ್ಲ ತೊಯ್ದಿದ್ದು ಕಂಡು ತನ್ನ ಬಿಳಿ ಕೋಟನ್ನೇ ಬಿಚ್ಚಿ ಕೊಟ್ಟಳು. "ಇದ್ರಲ್ಲಿ ಒರೆಸ್ಕೊಳ್ಳಿ, ಮೀನನ್ನೂ ಒರೆಸಿ. ನಿಮ್ಮ ಕೈಲಲ್ದೆ ಅದು ಇನ್ಯಾರ ಕೈಲೂ ಸುಮ್ನಿರಲ್ಲ."

ಶೇಖರಪ್ಪ ಬೆರಳ ಸಂದಿಗಳನ್ನೂ ಬಿಡದೆ ಒರೆಸಿಕೊಂಡರು. ಒಣ ಕೈಯಲ್ಲಿ ಮೀನು ಹಿಡಿಯುವಾಗ ಜೀವ ಹಿಂಡಿದಂತಾಯಿತು. "ತಪ್ಪಾಯ್ತು ತಾಯಿ," ಎಂದು ಮೀನಿಗೇ ಹೇಳಿ ಹೊಟ್ಟೆ ನೀವಿದರು. ಬೇರೊಂದು ಒಣ ಬಟ್ಟಲಿಗೆ ಉಳಿದ ಮೊಟ್ಟೆ ಬಿತ್ತು; ಅದರ ಮೇಲೆ ಉಳಿದ ಸ್ಟ್ರಾದ ವೀರ್ಯ. ತಾಹೇರಾ ಕೋಳಿಗರಿಯಿಂದ ಮೆಲ್ಲಗೆ ಕಲಸಿ, ನೀರಿನ ಚೊಂಬನ್ನು ಅವರ ಮುಂದೆ ಹಿಡಿದಳು.

"ಹಾಕಿ. ಎರಡೂ ಬೆರೆತಾಯ್ತು, ನೀರು ಬೇಕಾಗಿರೋದು ಈಗ."

ಶೇಖರಪ್ಪ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಸುರಿದರು.

ಮರುದಿನ ಬೆಳಿಗ್ಗೆ ಗಾಜಿನಂಥ ಮೊಟ್ಟೆಗಳೊಳಗೆ ಎಳೆಯ ಬಾಲಗಳು ಮಿಡುಕುತ್ತಿದ್ದವು. ಬಹಳ ಇರಲಿಲ್ಲ, ಆದರೆ ರಾಯನ ವಂಶಕ್ಕೆ ಅಷ್ಟು ಸಾಕಾಗಿತ್ತು. ಶೇಖರಪ್ಪನವರಿಗೆ ಕಣ್ಣು ತುಂಬಿ ಬಂತು. ತೊಟ್ಟಿಯತ್ತ ಚಾಚಿದ ಕೈಯನ್ನು ಹಾಗೇ ತಡೆದು, ತಾಹೇರಾ ಕಡೆ ತಿರುಗಿದರು.

"ಮೇಡಂ, ಇನ್ಮೇಲೆ ಕೈ ಒದ್ದೆ ಮಾಡ್ಕೋಬಹುದಾ?"