ಡುಮಸ್ಸಿನ ಓಟ

ನನಗೆ ಗುಜರಾತಿ ಬರುವುದಿಲ್ಲ ಎಂದು ಒಪ್ಪಿಕೊಳ್ಳಲು ಮೂರು ವರ್ಷ ಹಿಡಿಯಿತು. ಸೂರತ್ತಿನ ಸ್ಟೇಷನ್ ರಸ್ತೆಯ ನಮ್ಮ ಹೋಟೆಲಿನಲ್ಲಿ ನಾನು ಒಳಗೆ, ಒಲೆಯ ಮುಂದೆ. ತಮ್ಮ ಹಯವದನ ಹೊರಗೆ, ಗಿರಾಕಿಗಳ ನಡುವೆ. ಗುಜರಾತಿಯೆಲ್ಲ ಅವನ ಪಾಲು. ನನಗೆ ಬರುತ್ತಿದ್ದುದು ನಾಲ್ಕು ತರಕಾರಿಯ ಹೆಸರು ಮತ್ತು ತಲೆಯಾಡಿಸುವುದು. ತಿಳಿಯದಿದ್ದರೂ ತಿಳಿದವನ ಹಾಗೆ ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಹಯವದನನ ತಲೆ ಕೆಡಿಸಿದ್ದು ಠಾಕೋರಭಾಯಿ. ಡರ್ಬನ್ನಿನಲ್ಲಿ ಹುಟ್ಟಿ ಬೆಳೆದು, ಅಜ್ಜನ ಊರೆಂದು ಸೂರತ್ತಿಗೆ ಬಂದಿದ್ದ ಬಟ್ಟೆ ವ್ಯಾಪಾರಿ. ದಿನಾ ಬೆಳಿಗ್ಗೆ ನಮ್ಮಲ್ಲಿ ಇಡ್ಲಿ ತಿನ್ನುತ್ತ ಕಡಲಿನ ಕತೆ ಹೇಳುತ್ತಿದ್ದ. ಅಲ್ಲಿ ಬಿಳಿಯರು ಸರ್ಫ್ ಸ್ಕೀ ಎಂಬ ಸಪೂರ ದೋಣಿಯ ಮೇಲೆ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟು ಹಾಕುತ್ತ, ಬೆನ್ನ ಹಿಂದಿನಿಂದ ಬರುವ ಅಲೆಯನ್ನೇರಿ ಇಪ್ಪತ್ತೆಂಟು ಮೈಲಿ ಪಂದ್ಯ ಕಟ್ಟುತ್ತಾರಂತೆ. ಮೊದಲು ಆಸ್ಟ್ರೇಲಿಯಾದಲ್ಲಿ ಸಿಂಪಿ ಸಾಕುವ ಅಣ್ಣತಮ್ಮಂದಿರಿಬ್ಬರು ತಮ್ಮ ಕೆಲಸಕ್ಕೆಂದು ಮಾಡಿಕೊಂಡದ್ದಂತೆ. ಆಮೇಲೆ ಮುಳುಗುವವರನ್ನು ಎತ್ತಲು ಬಳಕೆಗೆ ಬಂತು, ಕೊನೆಗೆ ಪಂದ್ಯವಾಯಿತು. ಠಾಕೋರಭಾಯಿ ಅದನ್ನು ಮುಟ್ಟಿ ನೋಡಿದವನಲ್ಲ. ಇಂಡಿಯನ್ನರಿಗೆಂದು ಬೇರೆ ಮಾಡಿಟ್ಟ ಮರಳಿನ ಮೇಲೆ ನಿಂತು ದೂರದಿಂದ ಕಂಡವನು. ಆ ಹೊಟ್ಟೆಯುರಿ ಅವನನ್ನು ಇಲ್ಲಿಯೂ ಬಿಟ್ಟಿರಲಿಲ್ಲ.

ಕತಾರ್‌ಗಾಮಿನಲ್ಲಿ ಮಗ್ಗ ರಿಪೇರಿ ಮಾಡುವ ಬಡಗಿಯೊಬ್ಬನಿಂದ ಅವನೂ ಹಯವದನನೂ ಅಂಥದೇ ಒಂದೊಂದು ದೋಣಿ ಮಾಡಿಸಿದರು. ನಮ್ಮ ಅನ್ನ ಬಸಿಯುವ ಮರಿಗೆಯಷ್ಟೂ ಅಗಲವಿಲ್ಲ ಎಂದು ನಾನು ನಕ್ಕೆ. ಹಯವದನನ ಹೆಂಡತಿ ಸುಮತಿ ನಗಲಿಲ್ಲ. ನಾವು ಕೋಟದ ಕಡಲ ದಂಡೆಯವರು, ನಮಗೆ ನೀರು ಹೊಸತೇ ಎಂದು ಅವಳ ಬಾಯಿ ಮುಚ್ಚಿಸಿದವನು ನಾನೇ. ನಮ್ಮೂರಲ್ಲಿ ಇಳಿತ ಬಂದರೆ ಕಡಲು ಅಂಗಳದಷ್ಟು ಹಿಂದೆ ಸರಿಯುತ್ತದೆ. ಸೂರತ್ತಿನ ಹತ್ತಿರದ ಕಡಲ ದಂಡೆ ಡುಮಸ್ಸಿನಲ್ಲಿ ಮೈಲಿ ದೂರ ಹೋಗುತ್ತದೆ ಎಂದು ಯಾರೋ ಹೇಳಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಅರವತ್ತನಾಲ್ಕರ ಫೆಬ್ರವರಿ, ಭಾನುವಾರ. ಡುಮಸ್ಸಿನ ಕಪ್ಪು ಮರಳಿನಿಂದ ಹೊರಟು, ದೂರದಲ್ಲಿ ಲಂಗರು ಹಾಕಿದ್ದ ಮೀನಿನ ಮಚ್ವೆ ದೋಣಿಯನ್ನು ಸುತ್ತಿ ಬರಬೇಕು. ಇಬ್ಬರೂ ಅಲೆ ಒಡೆಯುವ ಜಾಗ ದಾಟಿ, ಕತ್ತು ತಿರುಗಿಸಿ ದಡವನ್ನೇ ನೋಡುತ್ತ ಕಾದರು. ಅಲ್ಲಿಗೆ ಯಾರ ದನಿಯೂ ಮುಟ್ಟುವುದಿಲ್ಲ. ನೀರಿನ ಹದ ನೋಡಿ ಹೇಳಲು ಬಲೆ ಹೊಲಿಯುತ್ತಿದ್ದ ಮುದುಕ ಬೆಸ್ತನೊಬ್ಬನನ್ನು ಒಪ್ಪಿಸಿದ್ದರು. ಅವನು ಹೊರಡಿ ಎಂದೊಡನೆ ನಾನು ಹೆಗಲ ವಸ್ತ್ರ, ಬೈರಾಸು, ಬೀಸಬೇಕು; ಅದೇ ಅವರಿಗೆ ಸನ್ನೆ.

ಮುದುಕ ಎದ್ದು ನಿಂತು ನೀರನ್ನು ನೋಡಿದ. ನನ್ನ ಕಡೆ ತಿರುಗಿ ಕೂಗಿದ: “ಓಟ್, ಓಟ್.”

ನಾನು ತಲೆಯಾಡಿಸಿದೆ. ಓಟ ಅಂದರೆ ಓಟವೇ ತಾನೇ? ಹೆಗಲ ಮೇಲಿದ್ದ ಬೈರಾಸು ತೆಗೆದು ಬೀಸಿದೆ. ಮುದುಕ ಮತ್ತೆರಡು ಸಲ ಹಾಗೆಯೇ ಕೂಗಿ, ನನ್ನ ಪಕ್ಕಕ್ಕೆ ಬಂದು ತಾನೂ ಎರಡು ಕೈ ಬೀಸಿದ. ಪಂದ್ಯದ ಹುರುಪು ಇವನಿಗೂ ಹತ್ತಿತಲ್ಲ ಎಂದುಕೊಂಡೆ. ತಮ್ಮನೇ ಮುಂದಿದ್ದ. ನನಗೆ ಹೆಮ್ಮೆಯಾಯಿತು.

ಠಾಕೋರಭಾಯಿ ಅರ್ಧಕ್ಕೇ ತಿರುಗಿ, ನೀರು ಬಿಟ್ಟುಹೋದ ಕೆಸರಿನಲ್ಲಿ ಸೊಂಟದವರೆಗೆ ಹುಗಿಯುತ್ತ ತೆವಳಿ ಬಂದ. ಹಯವದನ ಬರಲಿಲ್ಲ. ಮೂರನೆಯ ದಿನ ದೋಣಿ ಸಿಕ್ಕಿತು. ಅವನು ಸಿಗಲೇ ಇಲ್ಲ.

ಪೊಲೀಸ್ ಚೌಕಿಯಲ್ಲಿ ಹವಾಲ್ದಾರ ನನಗೆ ಹಿಂದಿಯಲ್ಲಿ ಬಿಡಿಸಿ ಹೇಳಿದ. ಗುಜರಾತಿಯಲ್ಲಿ ಓಟ್ ಅಂದರೆ ಇಳಿತ. ಕಡಲು ಹಿಂದಕ್ಕೆ ಎಳೆಯುತ್ತಿದೆ, ಹೋಗಬೇಡಿ ಎಂದು ಮುದುಕ ಮೂರು ಸಲ ಎಚ್ಚರಿಸಿದ್ದಾನೆ. ನಾನು ಬೈರಾಸು ಬೀಸಿದ್ದು ಅವರನ್ನು ವಾಪಸು ಕರೆಯಲು ಎಂದೇ ಹೇಳಿಕೆ ಕೊಟ್ಟಿದ್ದಾನೆ. ಹೌದೇ ಎಂದು ಹವಾಲ್ದಾರ ನನ್ನನ್ನು ಕೇಳಿದ. ನಾನು ತಲೆಯಾಡಿಸಿದೆ. ಅಷ್ಟು ಚೆನ್ನಾಗಿ ಗುಜರಾತಿ ಬಲ್ಲ ಹಯವದನ ಎಚ್ಚರಿಕೆ ಕೇಳಿಯೂ ಹಟದಿಂದ ಹೋದ ಎಂದು ಕಾಗದಕ್ಕೆ ಬಿತ್ತು. ಮನೆಯಲ್ಲಿಯೂ ಅದೇ ಮಾತು ನಿಂತಿತು. ಆ ಬೈರಾಸಿನ ಅರ್ಥ ಬಲ್ಲ ಠಾಕೋರಭಾಯಿ ಯಾರಿಗೂ ಏನೂ ಹೇಳದೆ, ನನ್ನ ಮುಖ ನೋಡದೆ ಡರ್ಬನ್ನಿಗೆ ಹೊರಟುಹೋದ.

ಆಮೇಲೆ ಹಯವದನ ಅಡುಗೆಮನೆಗೆ ಬರತೊಡಗಿದ. ಮಧ್ಯಾಹ್ನ, ಇಡ್ಲಿಯ ಹಬೆ ಎದ್ದಾಗ, ಬಾಗಿಲ ಬಳಿ ಒದ್ದೆ ಮೈಯಲ್ಲಿ ನಿಂತಿರುತ್ತಿದ್ದ. ಬೈಯುತ್ತಿರಲಿಲ್ಲ. ಕತ್ತು ತಿರುಗಿಸಿ ನನ್ನ ಹೆಗಲನ್ನೇ ನೋಡುತ್ತ, ನಾನು ಬೀಸುವುದನ್ನು ಕಾಯುತ್ತಿದ್ದ. ನಾನು ಬೈರಾಸು ಹಾಕುವುದನ್ನೇ ಬಿಟ್ಟೆ, ಬೆವರನ್ನು ತೋಳಿನಿಂದ ಒರೆಸಿಕೊಂಡೆ. ಅವನು ಕಾಯುವುದನ್ನು ಬಿಡಲಿಲ್ಲ.

ಸುಮತಿ ತವರಿಗೆ ಹೋಗಲಿಲ್ಲ. ಅಳಲೂ ಇಲ್ಲ. ಹೆಣ ಸಿಗದಿದ್ದರೆ ದರ್ಭೆಯ ಬೊಂಬೆ ಮಾಡಿ ಕ್ರಿಯೆ ಮುಗಿಸಬಹುದು ಎಂದು ಪುರೋಹಿತರು ಹೇಳಿದರೆ, ಬೇಡ ಅಂದಳು. ಏಕೆ ಎಂದು ನಾನು ಕೇಳಲಿಲ್ಲ. ಎಲ್ಲಿಯಾದರೂ ಮಾತು ಆ ದಿನಕ್ಕೆ ಹೋದೀತು ಎಂಬ ಭಯ.

ಅರವತ್ತೇಳರ ಚುನಾವಣೆ ಬಂತು. ಒಂದು ಮಧ್ಯಾಹ್ನ ಹೋಟೆಲಿನ ಮುಂದೆ ಜೀಪು ನಿಂತು, ಕರ್ಕಶ ದನಿಯ ಮೈಕಿನಲ್ಲಿ “ವೋಟ್ ಆಪೋ, ವೋಟ್ ಆಪೋ” ಎಂದು ಕೂಗತೊಡಗಿತು. ನನಗೆ ಕೇಳಿದ್ದು ಓಟ್, ಓಟ್. ಬಾಗಿಲಲ್ಲಿ ನಿಂತಿದ್ದ ತಮ್ಮ ಹೊರಡಲು ಅಣಿಯಾದ. ನಾನು ಸೌಟು ಎಸೆದು ಹಿತ್ತಿಲಿಗೆ ಓಡಿದೆ. ಸುಮತಿ ಉದ್ದಿನಲ್ಲಿ ಕಲ್ಲು ಆರಿಸುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ.

ಅವಳು ಮೊರ ಕೆಳಗಿಟ್ಟಳು. “ಹಾಂಗಾರೆ ಅವ್ರಿಗೆ ಮುದುಕ ಹೇಳಿದ್ದು ಕೇಳ್ಲೇ ಇಲ್ವಾ, ಭಾವ?”

“ಇಲ್ಲ. ಕಂಡದ್ದು ನನ್ನ ಬೈರಾಸು ಮಾತ್ರ.”

ಆ ದಿನ ಬೆಳಿಗ್ಗೆ ಗಂಡ ಹೆಂಡತಿಗೆ ಜಗಳವಾಗಿತ್ತಂತೆ. ಆ ಹಲಗೆಯೊಟ್ಟಿಗೇ ಇರಿ, ಮನೆಗೆ ಬರಬೇಡಿ ಎಂದು ಅವಳು ಅಂದಿದ್ದಳು. ಮೂರು ಸಲ ಬೇಡವೆಂದರೂ ಹೋದ ಎಂದು ಕೇಳಿದಾಗ, ತನ್ನ ಮಾತಿಗೇ ಹೋದರು ಎಂದುಕೊಂಡಳು. ತಾನು ಕೊಂದವರಿಗೆ ಯಾವ ಬಾಯಲ್ಲಿ ಕ್ರಿಯೆ ಮಾಡಿಸಿ ಎನ್ನಲಿ ಎಂದು ಬೇಡ ಅಂದಿದ್ದಳು.

ನಾನು ಅವಳ ಕಾಲ ಬಳಿ ಕುಸಿದೆ. ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

“ಗೊತ್ತಿಲ್ದೆ ಬೀಸಿದ್ರಿ, ಅದು ಬಿಡಿ. ಮೂರು ವರ್ಷ ದಿನಾ ನನ್ನ ಕೈಯಿಂದ ಉಂಡ್ರಲ್ಲ ಭಾವ, ಒಂದು ದಿನ ಆದ್ರೂ ಹೇಳ್ಬೇಕು ಅಂತ ಆಗ್ಲಿಲ್ವಾ ನಿಮ್ಗೆ?”

ಅವಳು ಎದ್ದು ಗೋಡೆಯ ಕಡೆ ತಿರುಗಿದಳು. ಮದುವೆಯಾದಂದಿನಿಂದ ಗಂಡನ ಹೆಸರನ್ನು ಒಮ್ಮೆಯೂ ಬಾಯಿಗೆ ತರದಿದ್ದ ಸುಮತಿ, ಹಯವದನಾ, ಹಯವದನಾ ಎಂದು ಅವನನ್ನು ಹೆಸರು ಹಿಡಿದು ಕರೆದು ಅತ್ತಳು.