ಟೈಲರಮ್ಮನ ಬಾಗಿಲ ಮೇಲಿನ ಕಸೂತಿ

ಏಳು ಬೀಗದ ಅರಮನೆಯ ಕಥೆ ಕೇಳಿರುತ್ತೀರಿ. ಇದು ಒಂದೇ ಚಿಲಕದ ಮನೆಯ ಕಥೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಸೂರು ಮುಟ್ಟುವಷ್ಟು ಬಟ್ಟೆಯ ಥಾನುಗಳು. ಒಡತಿ ನಮ್ಮ ಬೀದಿಯ ಟೈಲರಮ್ಮ.

ಪಕ್ಕದ ಮನೆಯಾಕೆ ಕೋರ್ಟಿನಲ್ಲಿ ಟೈಪಿಸ್ಟ್. ಮನೆ ಶೋಧಿಸಲು ಬರುವ ಪೊಲೀಸರು ಸಾಮಾನ್ಯವಾಗಿ ವಾರಂಟ್ ತರಬೇಕು ಎಂದು ಆಕೆ ಒಮ್ಮೆ ಹೇಳಿದ್ದಳು. ಇನ್ನೂ ಹೇಳುವುದಿತ್ತು. ಅಷ್ಟರಲ್ಲಿ ಟೈಲರಮ್ಮ ಯಂತ್ರ ತುಳಿಯತೊಡಗಿದ್ದಳು. ಮರುದಿನವೇ ಬಾಗಿಲ ಮೇಲೆ ಕೆಂಪು ದಾರದ ಕಸೂತಿ ಬಟ್ಟೆಯೊಂದು ತೂಗಿತು: ‘ವಾರಂಟ್ ಇಲ್ಲದೆ ಒಳಗೆ ಬರಬೇಡಿ.’

ಒಂದು ಮಧ್ಯಾಹ್ನ ಇಬ್ಬರು ಪೊಲೀಸರು ಓಡೋಡಿ ಬಂದರು. ಹಿಂದಿನ ಕಿಟಕಿಯಿಂದ ನರಳಾಟ ಕೇಳಿ ಟೈಪಿಸ್ಟೇ ಫೋನ್ ಮಾಡಿದ್ದಳು. ಯಂತ್ರದ ಸದ್ದಿನಲ್ಲಿ ಟೈಲರಮ್ಮನಿಗೆ ಏನೂ ಕೇಳಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತು ಕಸೂತಿ ತೋರಿಸಿದಳು.

“ಅಮ್ಮಾ, ಒಳಗೆ ಯಾರೋ ನರಳ್ತಿದ್ದಾರೆ. ವಾರಂಟ್ ಬರೋವರೆಗೂ ಅವರು ಕಾಯೋಕಾಗಲ್ಲ,” ಎಂದಳು ಮಹಿಳಾ ಪೇದೆ.

“ನರಳೋಕೆ ಯಾರಿದ್ದಾರೆ ಒಳಗೆ? ನನ್ನ ನಾದಿನಿ ಥಾನು ಇಳಿಸ್ತಾ ಇದ್ದಾಳೆ, ಅಷ್ಟೆ...” ಎನ್ನುತ್ತಲೇ ಟೈಲರಮ್ಮನ ದನಿ ಇಳಿಯಿತು.

ಪೊಲೀಸರು ಒಳಗೆ ನುಗ್ಗಿದರು. ಹಿಂದಿನ ಕೋಣೆಯಲ್ಲಿ ಥಾನು ಜೋಡಿಸಿದ್ದ ಕಪಾಟು ಮಗುಚಿತ್ತು. ಥಾನುಗಳ ರಾಶಿಯಡಿಯಿಂದ ಬಳೆ ತೊಟ್ಟ ಕೈಯೊಂದು ಮಾತ್ರ ಕಾಣುತ್ತಿತ್ತು. ಎಳೆದು ತೆಗೆದಾಗ ನಾದಿನಿಯ ಕಾಲು ಮುರಿದಿತ್ತು, ಉಸಿರು ಉಳಿದಿತ್ತು.

ಆಂಬುಲೆನ್ಸಿಗೆ ಕಾಯುವಾಗ ಇನ್ನೊಬ್ಬ ಪೇದೆಯ ಕೈ ಮೂಲೆಯ ಬೀರುವಿನತ್ತ ಹೋಯಿತು. ನಾದಿನಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಟೈಲರಮ್ಮ ಕಣ್ಣೊರೆಸಿಕೊಂಡಳು.

“ಅದರೊಳಗೆ ಯಾರೂ ನರಳ್ತಿಲ್ಲಪ್ಪ. ಅದಕ್ಕೆ ವಾರಂಟ್ ತನ್ನಿ.”

ಅಮ್ಮ ಹೇಳುವುದು ಸರಿ ಎಂದು ಮಹಿಳಾ ಪೇದೆ ನಕ್ಕಳು. ಆತ ಕೈ ಹಿಂದೆಗೆದ.

ಸಂಜೆ ಆಸ್ಪತ್ರೆಯಲ್ಲಿ ಟೈಪಿಸ್ಟ್ ಅಂದು ಉಳಿದಿದ್ದ ಮಾತನ್ನು ಮುಗಿಸಿದಳು. ಪ್ರಾಣಾಪಾಯವಿದ್ದರೆ, ಅಪರಾಧಿ ಓಡಿಬಂದು ಮನೆಯೊಳಗೆ ಹೊಕ್ಕಿದ್ದರೆ, ಮನೆಯವರೇ ಒಪ್ಪಿ ಕರೆದರೆ, ಪೊಲೀಸರು ಸಾಮಾನ್ಯವಾಗಿ ವಾರಂಟ್ ಇಲ್ಲದೆಯೂ ಬರಬಹುದು. ಆದರೆ ಜೀವ ಉಳಿಸಲು ಬಂದವರು ಮನೆಯೆಲ್ಲ ಜಾಲಾಡುವಂತಿಲ್ಲ.

“ಅತ್ತಿಗೆ, ಇನ್ನೊಂದು ಸಾಲು ಹೊಲಿ,” ಎಂದಳು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ನಾದಿನಿ. “ನನ್ನ ಕಾಲು ನೋಡ್ಕೊಂಡೇ ಹೊಲಿ, ಮರೆತುಹೋಗಲ್ಲ.”

ಈಗ ಕೆಂಪು ಸಾಲಿನ ಕೆಳಗೆ ಹಸಿರು ದಾರದಲ್ಲಿ ಹೀಗಿದೆ: ‘ಯಾರಿಗಾದರೂ ಅಪಾಯವಾದರೆ ಬೇಗ ಬನ್ನಿ.’

ನಿಮ್ಮ ಬಾಗಿಲಿಗೂ ಪೊಲೀಸರು ಬಂದಾರು. ಅವರ ಹೆಸರು ಕೇಳಿ, ಬಂದ ಕಾರಣ ಕೇಳಿ. ಬರೀ ಶೋಧನೆಗಾದರೆ ವಾರಂಟ್ ಕೇಳಲು ಅಂಜಬೇಡಿ. ತಪ್ಪು ನಡೆಯಿತು ಅನ್ನಿಸಿದರೂ ಕೈ ಕೈ ಮಿಲಾಯಿಸಬೇಡಿ. ಬರೆದಿಟ್ಟುಕೊಂಡು ದೂರು ಕೊಡಿ. ನಿಮ್ಮಲ್ಲಿನ ಕಾನೂನು ಏನೆಂದು ಉಚಿತ ಕಾನೂನು ನೆರವು ಕೇಂದ್ರದಲ್ಲಿ ಕೇಳಿ ತಿಳಿಯಿರಿ. ಕೇಳುವಾಗ ಮಾತ್ರ, ದಯವಿಟ್ಟು, ಹೊಲಿಗೆ ಯಂತ್ರ ನಿಲ್ಲಿಸಿ ಪೂರ್ತಿ ಕೇಳಿ.