ಎಮ್ಮೆ ಓಡದ ಭಾನುವಾರ

ಆ ಕಾರಿಗೆ ತಂಡದವರು ಎಮ್ಮೆ ಎಂದು ಹೆಸರಿಟ್ಟಿದ್ದರು. ಕಪ್ಪು ಬಣ್ಣ, ಅಗಲ ಬೆನ್ನು. ಮೊದಲ ಸಲ ಓಡಿಸಿ ನೋಡಿದಾಗ ತಿರುವಿನಲ್ಲಿ ಹಟ ಹಿಡಿದು ನಿಂತೇಬಿಟ್ಟಿತ್ತು. ಈ ವರ್ಷ ಹಿಂದಿನ ಸಾಲೇ ಗತಿ ಎಂದು ಎಲ್ಲರೂ ನಕ್ಕಿದ್ದರು. ಆಮೇಲೆ ಅದು ಗೆಲ್ಲತೊಡಗಿತು. ಮಳೆಯಲ್ಲಿ ಗೆದ್ದಿತು, ಬಿಸಿಲಲ್ಲಿ ಗೆದ್ದಿತು. ಕೊನೆಯ ರೇಸಿನ ಹೊತ್ತಿಗೆ ವರ್ಷದ ಪ್ರಶಸ್ತಿ ಆಗಲೇ ಕೈಸೇರಿತ್ತು. ಸೋಲೊಂದನ್ನು ಮಾತ್ರ ಎಮ್ಮೆ ಇನ್ನೂ ಕಂಡಿರಲಿಲ್ಲ.

ಅದನ್ನು ಓಡಿಸುತ್ತಿದ್ದವನು ತಮ್ಮ. ಮೆಕ್ಯಾನಿಕ್ಕುಗಳ ಮುಖ್ಯಸ್ಥೆ ಅವನ ಸ್ವಂತ ಅಕ್ಕ. ಗೆದ್ದ ಕಾರಿಗೆ ಪ್ರತಿಸಲ ತಪಾಸಣೆ: ಪೂರಾ ಬಿಚ್ಚು, ಮತ್ತೆ ಜೋಡಿಸು, ಲಾರಿಗೆ ಏರಿಸು, ಮುಂದಿನ ಊರಿಗೆ ಹೊರಡು. ಅಕ್ಕನ ಉಗುರಿನ ಸಂದಿಯ ಗ್ರೀಸು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. "ಅಮ್ಮ, ಈ ಸಲನಾದ್ರೂ ಸೋತು ಬೇಗ ಬಾ" ಎಂದು ಅವಳ ಮಗಳು ಫೋನಿನಲ್ಲಿ ಹೇಳಿದ್ದಳು.

ಕೊನೆಯ ರೇಸಿನ ಬೆಳಿಗ್ಗೆ, ಮುಂದಿನ ಚಕ್ರವನ್ನು ಹಿಡಿದಿಡುವ ಉಕ್ಕಿನ ತೋಳನ್ನು ಒರೆಸುವಾಗ, ಕೂದಲೆಳೆಯಂಥ ಗೆರೆಯೊಂದು ಕಂಡಿತು. ಬಣ್ಣದ ಮೇಲಿನ ಗೀರೋ, ಉಕ್ಕಿನ ಬಿರುಕೋ ಅಕ್ಕನಿಗೆ ತಿಳಿಯಲಿಲ್ಲ. ಬದಲಿ ತೋಳು ಇರಲಿಲ್ಲ. ಇದ್ದದ್ದನ್ನು ಹಿಂದಿನ ರೇಸಿಗೇ ಹಾಕಿಯಾಗಿತ್ತು.

ತಂಡದ ಯಜಮಾನರು ಬಗ್ಗಿ ನೋಡಿದರು. "ಬಿರುಕೇ ಅಂತ ಖಾತ್ರಿನಾ?"

"ಇಲ್ಲ ಸರ್. ನನ್ನ ಕಣ್ಣೂ ಸೋತುಹೋಗಿದೆ. ಬರೀ ಗೀರೇ ಇರಬಹುದು."

"ಒಂದೂ ಸೋಲದ ವರ್ಷ ಅನ್ನಿಸ್ಕೊಳ್ಳೋಕೆ ಇದೊಂದೇ ಬಾಕಿ ಇತ್ತಲ್ಲಮ್ಮ."

ಅವಳು ತಮ್ಮನ ಬಳಿ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಅವನು ಟೈರುಗಳ ಮೇಲೆ, ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

"ಏನು ಮಾಡ್ಲಿ ಅಂತ ತಿಳೀತಿಲ್ಲ ಕಣೋ."

"ಅಕ್ಕಾ, ನಿಜ ಹೇಳ್ಲಾ? ನೀನು ಬೇಡ ಅಂದ್ರೆ ಸಾಕು ಅಂತ ಕಾಯ್ತಿದೀನಿ. ನಂಗೆ ಹೇಳೋಕೆ ಬಾಯೇ ಬರ್ತಿಲ್ಲ."

ಅವನ ಕೆನ್ನೆ ಒಳಗೆ ಹೋಗಿತ್ತು. ಇದು ಯಾವಾಗಿನಿಂದ ಹೀಗೆ ಎಂದು ಅವಳಿಗೆ ಗೊತ್ತಿರಲಿಲ್ಲ. ವರ್ಷವಿಡೀ ಅವಳು ಕಾರಿನ ಮೈ ನೋಡಿದ್ದೇ ಬಂತು.

ಎದ್ದು ಬಂದು, "ಬೇಡ ಸರ್" ಎಂದಳು.

"ಹೆದರಿದ್ರು ಅಂತಾರೆ ಜನ."

"ಅನ್ನಲಿ."

ಯಜಮಾನರು ಗ್ಯಾರೇಜಿನಲ್ಲಿದ್ದ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದರು. ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಕೂತು ಷೂ ಬಿಚ್ಚಿದರು. "ನಂಗೂ ಸಾಕಾಗಿದೆ" ಎಂದರು.

ಹೊರಗೆ ರೇಸು ಶುರುವಾಯಿತು. ಬೇರೆ ಕಾರುಗಳ ಸದ್ದಿಗೆ ಗೋಡೆಯ ತಗಡು ಅದುರುತ್ತಿದ್ದರೂ ತಮ್ಮ ಟೈರುಗಳಿಗೆ ಒರಗಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಗೆದ್ದವರು ಯಾರೆಂದು ಗ್ಯಾರೇಜಿನಲ್ಲಿ ಯಾರೂ ಕೇಳಲಿಲ್ಲ.

ನಿಯಮಗಳು ಬದಲಾಗಿ ಮುಂದಿನ ವರ್ಷ ಅಂಥ ಕಾರು ಓಡಿಸುವಂತಿರಲಿಲ್ಲ. ಎಮ್ಮೆಯನ್ನು ಕಚೇರಿಯ ಮುಂದಿನ ಕೋಣೆಯಲ್ಲಿ ನಿಲ್ಲಿಸಲು ಸಿದ್ಧಮಾಡುವಾಗ ಅಕ್ಕ ಆ ತೋಳನ್ನು ಬಿಚ್ಚಿ ಪರೀಕ್ಷೆಗೆ ಕಳಿಸಿದಳು. ಉತ್ತರ ಬಂದ ದಿನ ತಮ್ಮನಿಗೆ ಫೋನು ಮಾಡಿದಳು.

"ಬರೀ ಗೀರಂತೆ ಕಣೋ."

ಅವನು ಕೇಳಿದ, "ಯಜಮಾನ್ರಿಗೆ ಹೇಳಿದ್ಯಾ?"

"ಹೇಳ್ದೆ. ಹೌದಾ, ಊಟ ಆಯ್ತಾ ಅಂತ ಕೇಳಿದ್ರು."

"ಆಯ್ತಾ?"

"ಈಗ ಬಡಿಸ್ಕೋತಿದೀನಿ" ಎಂದಳು ಅಕ್ಕ.